ಎರಡು ಅಕ್ಷರದಷ್ಟು ಜಾಗ

ನಿನ್ನೆ ಲಾ ಕಾಲೇಜಿನ ಪರೀಕ್ಷೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಬೇಕಾದ ಜಾಗದಲ್ಲಿ ನನ್ನ ಹೆಸರನ್ನೇ ಬರೆದುಬಿಟ್ಟೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಇಣುಕಿ ನೋಡಿ, "ಸರಿಯಾಗೇ ಇದೆಯಲ್ಲ. ಈ ಮನೇಲಿ ಯಜಮಾನಿಕೆ ಯಾರದು ಅಂತ ಯೂನಿವರ್ಸಿಟಿಗೂ ಗೊತ್ತಾಗ್ಲಿ" ಎಂದರು. ಆಮೇಲೆ, "ಇನ್ನೊಂದು ಫಾರಂಗೆ ಅಂತ ಬಿಸಿಲಲ್ಲಿ ಹೋಗ್ಬೇಡ. ಬ್ಲೇಡಲ್ಲಿ ಮೆತ್ತಗೆ ಕೆರೆದು ಬರಿ" ಎಂದು ತಮ್ಮ ಶೇವಿಂಗ್ ಡಬ್ಬಿಯಿಂದ ಹಳೆಯ ಬ್ಲೇಡೊಂದನ್ನು ತೆಗೆದು, ಉದ್ದಕ್ಕೆ ಮುರಿದು, ಅರ್ಧವನ್ನು ನನ್ನ ಕೈಗಿಟ್ಟರು.

ಶಾಯಿಯನ್ನು ಬ್ಲೇಡಿನಿಂದ ಕೆರೆಯುವ ಸದ್ದನ್ನು ನೀವು ಕೇಳಿಯೇ ಇರುತ್ತೀರಿ. ಇಲಿಮರಿ ಕಾಗದ ಕಡಿದ ಹಾಗೆ, ಕರ್ ಕರ್ ಕರ್. ಎರಡಕ್ಷರ ಹೋಗುವಷ್ಟರಲ್ಲಿ ನನಗೆ ಅರ್ಜಿ ಮರೆತೇಹೋಗಿತ್ತು. ಕಣ್ಣ ಮುಂದೆ ಸಿಸ್ಟರ್ ಬೆನೆಡಿಕ್ಟಾ ಬಂದು ನಿಂತಿದ್ದರು.

ಅರ್ಧ ಬ್ಲೇಡಿಗೂ ಒಬ್ಬ ಸನ್ಯಾಸಿನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಿ, ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಪ್ರೀತಿ. ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಪೆನ್ಸಿಲ್ ಚೂಪು ಮಾಡಲು ಎಲ್ಲ ಹುಡುಗಿಯರ ಬಳಿಯೂ ಅರ್ಧ ಬ್ಲೇಡು ಇರುತ್ತಿತ್ತು. ಅದನ್ನು ತರಬಾರದೆಂಬ ಕಟ್ಟಪ್ಪಣೆಯೂ ಇತ್ತು. ಸಿಸ್ಟರ್ ಬೆನೆಡಿಕ್ಟಾ ಪ್ರತಿ ಸೋಮವಾರ ನಮ್ಮ ಕಂಪಾಸ್ ಪೆಟ್ಟಿಗೆಗಳನ್ನು ಜಾಲಾಡಿ, ಸಿಕ್ಕಿದ ಬ್ಲೇಡುಗಳನ್ನೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದರು. ನಡೆಯುವಾಗ ಆ ಡಬ್ಬಿ ಗಿಲಿಗಿಲಿ ಎನ್ನುತ್ತಿತ್ತು. ದೂರದಿಂದಲೇ ಅವರು ಬರುವುದು ತಿಳಿಯುತ್ತಿದ್ದುದರಿಂದ, ಸಿಕ್ಕಿಬೀಳುತ್ತಿದ್ದವರು ಪೆದ್ದರು ಮಾತ್ರ. ನಾನು ಒಂಬತ್ತು ಸಲ ಸಿಕ್ಕಿಬಿದ್ದಿದ್ದೇನೆ, ಏಕೆಂದರೆ ಬಚ್ಚಿಡುವ ಬದಲು ವಾದ ಮಾಡುತ್ತಿದ್ದೆ.

"ಸಿಸ್ಟರ್, ಕೈ ಕುಯ್ಯುತ್ತೆ ಅಂತ ಬ್ಲೇಡ್ ಬೇಡ ಅಂದ್ರೆ, ಕಂಪಾಸಿನ ಮುಳ್ಳು ಚುಚ್ಚಲ್ವಾ? ಅದನ್ನ ಯಾಕೆ ಬಿಟ್ಟಿದೀರಿ?"

"ಸುಮ್ಮನಿರು ಮಾರಾಯ್ತಿ ಒಮ್ಮೆ!"

ಅವರು ಮಂಗಳೂರಿನ ಕಡೆಯವರು. 'ಸುಮ್ಮನಿರು ಮಾರಾಯ್ತಿ' ಎಂಬ ಎರಡು ಪದಗಳನ್ನು ಅವರಿಂದ ನಾನು ಕೇಳಿದಷ್ಟು ಸಲ ಬೇರೆ ಯಾರಿಂದಲೂ ಬೇರೆ ಏನನ್ನೂ ಕೇಳಿಲ್ಲ. ನನ್ನನ್ನು ಅವರು ಕರೆಯುತ್ತಿದ್ದದ್ದು 'ಲಾಯರಮ್ಮ' ಎಂದು. ನಾನು ಲಾಯರ್ ಆಗಲು ಹೊರಟದ್ದಕ್ಕೆ ಆ ಹೆಸರೇ ಕಾರಣವೋ, ಆ ಹೆಸರಿಗೆ ನನ್ನ ನಾಲಿಗೆಯೇ ಕಾರಣವೋ, ಎರಡೂ ಪಕ್ಷಗಳಲ್ಲಿ ಬಲವಿದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಏಳು ಕಪ್ಪುಗಳು ನಮ್ಮ ಮನೆಯಲ್ಲಿದ್ದವು. ಅವುಗಳಲ್ಲಿ ದೊಡ್ಡದರಲ್ಲಿ ನಮ್ಮಜ್ಜಿ ಹೂಬತ್ತಿ ಹೊಸೆದು ತುಂಬಿಡುತ್ತಿದ್ದರು.

ಆಗಿನ್ನೂ ಜಯನಗರದಲ್ಲಿ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಮೂರನೇ ಬ್ಲಾಕಿನ ನಮ್ಮ ಮನೆಯಿಂದ ಕಾನ್ವೆಂಟಿಗೆ ಹೋಗುವ ದಾರಿಯಲ್ಲಿ ನಂಬರು ಬರೆದ ಕಲ್ಲುಗಳು, ತುಂಬೆ ಗಿಡಗಳು, ಬೈರಸಂದ್ರದ ಎಮ್ಮೆಗಳು. ಆ ಎಮ್ಮೆಗಳಿಗೂ ನನಗೂ ದಾರಿಯ ಹಕ್ಕಿನ ವಿಚಾರದಲ್ಲಿ ಭಿನ್ನಾಭಿಪ್ರಾಯವಿತ್ತು. ಇರಲಿ, ಆ ಕಡೆ ಹೋದರೆ ಹಿಂದಿರುಗುವುದು ಕಷ್ಟ.

ಎಸ್ಸೆಸ್ಸೆಲ್ಸಿಗೆ ಒಂದು ವರ್ಷ ಮೊದಲು, ಬೇಸಿಗೆ ರಜೆಯಲ್ಲಿ, ಸಿಸ್ಟರ್ ಬೆನೆಡಿಕ್ಟಾ ನನ್ನನ್ನು ಕರೆಸಿದರು. ಮೇಜಿನ ಮೇಲೆ ಗೆದ್ದಲು ಮುಟ್ಟಿದ ಒಂದು ದಪ್ಪ ಪುಸ್ತಕವಿತ್ತು. ಕಂಟೋನ್ಮೆಂಟಿನ ಅವರ ಹಳೆಯ ಕಾನ್ವೆಂಟಿನಿಂದ ಬಂದದ್ದು. ಅವರ ಪಂಗಡದಲ್ಲಿ ತೀರಿಕೊಂಡ ಸಿಸ್ಟರುಗಳ ಹೆಸರು, ಒಬ್ಬೊಬ್ಬರಿಗೂ ಎರಡೋ ಮೂರೋ ಸಾಲು. ಒಬ್ಬರು ತೀರಿಕೊಂಡ ದಿನ ಪ್ರತಿವರ್ಷ ಬಂದಾಗ, ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಸಿಸ್ಟರ್ ಎದ್ದು ನಿಂತು ಆ ಸಾಲುಗಳನ್ನು ಓದಬೇಕು. ಮಿಕ್ಕವರು ಮಾತಾಡದೆ ಕೇಳುತ್ತ ಊಟ ಮಾಡಬೇಕು. ಅದು ಪದ್ಧತಿ.

"ಇದು ಇಂಗ್ಲಿಷಲ್ಲಿ ಉಂಟು. ಈಗ ಸೇರ್ತಾ ಇರುವ ಹುಡುಗಿಯರು ಕನಕಪುರ ಕಡೆ ಹಳ್ಳಿಯವರು. ಅವರಿಗೆ ಅರ್ಥವೇ ಆಗುವುದಿಲ್ಲ, ಸುಮ್ಮನೆ ಸಾರು ಕುಡೀತಾರೆ. ನೀನು ಕನ್ನಡದಲ್ಲಿ ಬೇರೆ ಪುಸ್ತಕಕ್ಕೆ ಬರೆದು ಕೊಡ್ತಿಯಾ? ನಿನ್ನ ಅಕ್ಷರ ಚಂದ ಉಂಟು. ಬಾಯಿ ಮಾತ್ರ ಇಲ್ಲೇ ಬಾಗಿಲ ಹತ್ರ ಇಟ್ಟು ಬಾ."

ಮೂವತ್ತೇಳು ಜನ. ಓದಿ ನೋಡಿದರೆ ಮೂವತ್ತೇಳೂ ಜನ ವಿನಯಶೀಲರು, ವಿಧೇಯರು, ಮೃದುಭಾಷಿಗಳು. ನನಗೆ ಸಹಿಸಲಾಗಲಿಲ್ಲ.

"ಎಲ್ಲರೂ ವಿನಯಶೀಲರು ಅನ್ನೋದು ಅಸಾಧ್ಯ ಸಿಸ್ಟರ್. ಸಾಕ್ಷಿ ಏನಿದೆ?"

"ಸತ್ತವರಿಗೆ ಪಾಟೀಸವಾಲು ಹಾಕ್ತಿಯಾ? ಸುಮ್ಮನಿರು ಮಾರಾಯ್ತಿ!" ಎಂದರು. ಆದರೆ ಸುಮ್ಮನಿರಲು ಅವರಿಗೂ ಆಗುತ್ತಿರಲಿಲ್ಲ. ನಾನು ಒಂದೊಂದು ಹೆಸರು ಬರೆಯುವಾಗಲೂ ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿ, ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತಿದ್ದರು. ಮೃದುಭಾಷಿಯಾದ ಸಿಸ್ಟರ್ ಕ್ಲೆಮೆಂಟೀನಾ ತಾರಸಿಯ ಮೇಲೆ ಮಾವಿನಕಾಯಿ ಹೋಳು ಒಣಗಿಸಿ, ಕಾಗೆಗಳಿಗೆ ತಮಿಳಿನಲ್ಲಿ ಬೈಯುತ್ತಿದ್ದುದು ಬೀದಿಯ ತುದಿಗೆ ಕೇಳುತ್ತಿತ್ತಂತೆ. ಐರ್ಲೆಂಡಿನಿಂದ ಬಂದ ಸಿಸ್ಟರ್ ಅಗಾಥಾ ಕನ್ನಡ ಕಲಿಯುವ ಹಟ ತೊಟ್ಟು, ಬಾಗಿಲಿಗೆ ಬಂದವರಿಗೆಲ್ಲ ಅಕ್ಕರೆಯಿಂದ ಕೈಮುಗಿದು "ಹೋಗಿ ಬನ್ನಿ, ಹೋಗಿ ಬನ್ನಿ" ಎಂದು ಸ್ವಾಗತಿಸುತ್ತಿದ್ದರಂತೆ. ಹಾಲಿನವನು ಎರಡು ದಿನ ಹಾಲು ಹಾಕದೆ ವಾಪಸು ಹೋದ ಮೇಲೆ ತಪ್ಪು ಗೊತ್ತಾಯಿತು. ವಿಧೇಯರಾದ ಸಿಸ್ಟರ್ ಮೋನಿಕಾ ಹಲ್ಲಿ ಇರುವ ಕೋಣೆಗೆ ಯಾರು ಆಜ್ಞೆ ಮಾಡಿದರೂ ಕಾಲಿಡುತ್ತಿರಲಿಲ್ಲ.

"ಇದನ್ನ ಬರೀಲಾ ಸಿಸ್ಟರ್?"

"ಬರೆದ್ರೆ ನಿನ್ನ ಬೆರಳು ಮುರೀತೇನೆ. ಇದು ಬರೆಯಲಿಕ್ಕೆ ಅಲ್ಲ. ನಂಗೆ ಗೊತ್ತುಂಟು, ಈಗ ನಿಂಗೂ ಗೊತ್ತುಂಟು. ಸಾಕು."

ಎಲ್ಲ ಸರಿಹೋಯಿತು, ಒಂದು ಕಡೆ ಮಾತ್ರ ಸಿಕ್ಕಿಕೊಂಡೆ. ಪ್ರತಿ ಹೆಸರಿನ ಕೊನೆಗೂ ಒಂದೇ ಇಂಗ್ಲಿಷ್ ಸಾಲು: ಕ್ರಿಸ್ತನ ವಧುವಾಗಿ ಈ ದಿನ ತೀರಿಕೊಂಡರು, ಎನ್ನುವ ಅರ್ಥದ್ದು. ಕನ್ನಡದಲ್ಲಿ ಸಾಯುವುದು ಸುಲಭವಲ್ಲ ನೋಡಿ. ಒಂದೊಂದು ಮನೆಯವರಿಗೆ ಒಂದೊಂದು ಪದ. ವೈಕುಂಠ ನಮ್ಮವರದು, ಕೈಲಾಸ ಎದುರು ಮನೆಯವರದು, ಲಿಂಗೈಕ್ಯ ಅದರ ಪಕ್ಕದವರದು. 'ಸತ್ತರು' ಎಂದರೆ ಒರಟು, 'ನಿಧನರಾದರು' ಎಂದರೆ ಪೇಪರು. 'ಸ್ವರ್ಗಸ್ಥರಾದರು' ಎಂದು ಬರೆದಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಸ್ವರ್ಗ ಇದೆ ಎನ್ನುವುದಕ್ಕೇ ಪುರಾವೆ ಇಲ್ಲದಿರುವಾಗ, ಅಲ್ಲಿಗೆ ಮೂವತ್ತೇಳು ಜನ ತಲುಪಿದರೆಂದು ನನ್ನ ಕೈಯಾರೆ ಬರೆಯುವುದು ಹೇಗೆ? ಹದಿನೈದು ವರ್ಷದ ನನ್ನ ಆತ್ಮಸಾಕ್ಷಿ ಒಪ್ಪಲಿಲ್ಲ.

ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. ನಮ್ಮಜ್ಜಿ ಹದಿಮೂರಕ್ಕೇ ಗಂಡನನ್ನು ಕಳೆದುಕೊಂಡು, ಅಣ್ಣನ ಮಗನಾದ ನಮ್ಮಪ್ಪನನ್ನು ಸಾಕಿ, ನಮ್ಮೆಲ್ಲರಿಗೂ ಅಜ್ಜಿಯಾದವರು. ಮಡಿ ಹೆಂಗಸು, ಕೇಶಮುಂಡನವಾದ ತಲೆ, ಕೆಂಪು ಸೀರೆ. ಕಾನ್ವೆಂಟಿನ ಸಿಸ್ಟರುಗಳು ಮುಸುಕಿನೊಳಗೆ ಕೂದಲು ಕತ್ತರಿಸಿಕೊಂಡಿರುತ್ತಾರೆ ಎಂದು ಯಾರೋ ಹೇಳಿದಂದಿನಿಂದ ಅವರ ಮೇಲೆ ಅಜ್ಜಿಗೆ ಒಂದು ಬಗೆಯ ಬಂಧುತ್ವ.

"ಅವರ ಗಂಡ ಯಾರು ಅಂದೆ?"

"ಕ್ರಿಸ್ತ ಅಂತಾರೆ ಅಜ್ಜಿ. ಉಂಗುರಾನೂ ಹಾಕ್ಕೋತಾರೆ."

"ಅವನಿದಾನೋ?"

"ಸತ್ತು ಮೂರನೇ ದಿನಕ್ಕೆ ಎದ್ದ, ಇನ್ನು ಸಾಯೋದೇ ಇಲ್ಲ ಅನ್ನೋದು ಅವರ ವಾದ. ನಾನು ಒಪ್ಪಲ್ಲ."

"ನಿನ್ನ ಒಪ್ಪಿಗೆ ಯಾರು ಕೇಳಿದ್ರು? ಅವರು ಒಪ್ಪಿದಾರಲ್ಲ. ಗಂಡ ಇರೋವಾಗ ಹೋದವರು ಮುತ್ತೈದೆಯಾಗಿ ಹೋದ ಹಾಗೆ ಕಣೇ. ಹಾಗೇ ಬರಿ." ಬತ್ತಿ ಹೊಸೆಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ನಂಗಂತೂ ಸಿಗ್ಲಿಲ್ಲ. ಅವರಿಗಾದ್ರೂ ಬರಿ."

ತರ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ 'ಮುತ್ತೈದೆ' ಎನ್ನುವುದು ಅರಿಶಿನ ಕುಂಕುಮದ ತಟ್ಟೆಯ ಪದ. ಪುಸ್ತಕಕ್ಕೆ ಇನ್ನಷ್ಟು ಗಂಭೀರವಾದದ್ದು ಬೇಕು ಎನಿಸಿ 'ಸುಮಂಗಲಿ' ಎಂದು ಮಾಡಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ಲಾಯರಮ್ಮ ಹೇಗಾದೇನು? ಗಂಡ ಎಂದೆಂದಿಗೂ ಸಾಯುವುದಿಲ್ಲವೆಂದ ಮೇಲೆ, ಈ ಸೌಮಂಗಲ್ಯವೂ ಎಂದೆಂದಿಗೂ ಇರಲೇಬೇಕು. ಆದ್ದರಿಂದ 'ನಿತ್ಯ' ಎಂದು ಸೇರಿಸಿದೆ. ನಿತ್ಯಸುಮಂಗಲಿಯಾಗಿ ತೀರಿಕೊಂಡರು. ಎಂಥ ಪದ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಕಪ್ಪು ಶಾಯಿಯಲ್ಲಿ, ದುಂಡಗೆ, ಮೂವತ್ತೇಳು ಸಲ ಬರೆದೆ. ಸಿಸ್ಟರ್ ಬೆನೆಡಿಕ್ಟಾ ಕನ್ನಡಕ ಏರಿಸಿ ಓದಿ, "ಚಂದ ಉಂಟು, ದೊಡ್ಡ ಪದ" ಎಂದರು.

ಈ ಪದದ ಅರ್ಥ ಗೊತ್ತಿರುವವರು ಈಗಾಗಲೇ ನಗುತ್ತಿದ್ದೀರಿ. ನನಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು. ಗೊತ್ತಾದದ್ದು ವೇದಿಕೆಯ ಮೇಲೆ, ಮೈಕಿನ ಮುಂದೆ.

ಕಾಲೇಜಿನ ಚರ್ಚಾಸ್ಪರ್ಧೆ. ಮದುವೆ ಹೆಣ್ಣಿನ ಸ್ವಾತಂತ್ರ್ಯಕ್ಕೆ ಅಡ್ಡಿ ಎನ್ನುವುದು ವಿಷಯ. ನಾನು ಪರವಾಗಿ ಮಾತಾಡುತ್ತ, ಸಂಸಾರವಿಲ್ಲದೆಯೂ ಘನತೆಯಿಂದ ಬಾಳಿದ ಹೆಂಗಸರಿಲ್ಲವೇ ಎಂದು ಕೇಳಿ, ಕೈ ಎತ್ತಿ, "ನಮ್ಮ ಜಯನಗರದ ನಿತ್ಯಸುಮಂಗಲಿಯರನ್ನು ನೋಡಿ!" ಎಂದೆ. ಹಿಂದಿನ ಬೆಂಚಿನಿಂದ ಶುರುವಾದ ನಗು ಮುಂದಿನ ಸಾಲಿನ ಲೆಕ್ಚರರುಗಳವರೆಗೆ ಬಂತು. ಯಾರೋ "ವಿಳಾಸ ಕೊಡಿ ಮೇಡಂ!" ಎಂದು ಕೂಗಿದರು.

ತೀರ್ಪುಗಾರರಾಗಿದ್ದ ವಯಸ್ಸಾದ ಕನ್ನಡ ಮೇಷ್ಟರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ತಾಯೀ, ಅದು ಹಿಂದೆ ದೇವಸ್ಥಾನದಲ್ಲಿ ಕುಣೀತಿದ್ದ ಹೆಂಗಸರಿಗಿದ್ದ ಪದ. ದೇವರಿಗೇ ತಾಳಿ ಕಟ್ಟಿಸ್ಕೊಂಡವರು, ವಿಧವೆ ಆಗೋ ಹಾಗೇ ಇಲ್ಲ, ಅದಕ್ಕೆ ಆ ಹೆಸರು. ಜನ ಆಮೇಲೆ ಅವರನ್ನೂ ಕೆಳಗಿಳಿಸಿದ್ರು, ಪದಾನೂ ಕೆಳಗಿಳಿಸಿದ್ರು. ಈಗ ಅದು ಬೈಗುಳದ ಹತ್ತಿರ ಬಂದು ಕೂತಿದೆ."

"ಆದ್ರೆ ಸಾರ್, ತರ್ಕ ಅದೇ ಅಲ್ವಾ?"

"ತರ್ಕ ನೂರಕ್ಕೆ ನೂರು. ಪದಗಳು ತರ್ಕದ ಮಾತು ಕೇಳಲ್ಲ."

ಸ್ಪರ್ಧೆ ಸೋತದ್ದು ನನಗೆ ನೆನಪೇ ಇಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದು ಊಟದ ಕೋಣೆ. ಬಿಳಿ ಮುಸುಕಿನ ಹೆಂಗಸರ ಸಾಲು. ಎದ್ದು ನಿಂತು ಓದುವ ಒಂದು ಮುಗ್ಧ ದನಿ. ಕಾಗೆಗಳಿಗೆ ಬೈಯುತ್ತಿದ್ದ ಕ್ಲೆಮೆಂಟೀನಾ, ಹಲ್ಲಿಗೆ ಹೆದರುತ್ತಿದ್ದ ಮೋನಿಕಾ, "ಹೋಗಿ ಬನ್ನಿ"ಯ ಅಗಾಥಾ, ಒಬ್ಬರನ್ನೂ ಬಿಡದೆ ಮೂವತ್ತೇಳು ಜನ ಸತ್ತವರಿಗೆ ನಾನು ಇಟ್ಟುಬಂದಿದ್ದ ಪದ. ಅವರ ಕಡೆಯಿಂದ ಎದ್ದು ನಿಂತು ಉತ್ತರ ಕೊಡುವವರು ಯಾರೂ ಇಲ್ಲ. ಎದುರಾಳಿಗೆ ಮಾತಾಡಲು ಅವಕಾಶವೇ ಇಲ್ಲದ ವಾದವನ್ನು ನಾನು ಅದುವರೆಗೆ ಗೆದ್ದಿರಲಿಲ್ಲ.

ಮರುದಿನವೇ ಹೋಗಿ ತಪ್ಪೊಪ್ಪಿಕೊಂಡೆ ಎಂದು ನೀವು ಊಹಿಸಿದರೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯವಿದೆ. ನಾನು ಎರಡು ವರ್ಷ ಹೋಗಲಿಲ್ಲ. ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು, ಕಾನ್ವೆಂಟಿನ ಗೇಟು ಕಾಣದ ಹಾಗೆ ಸೈಟುಗಳ ನಡುವೆ ಸುತ್ತಿ ಮನೆ ಸೇರುತ್ತಿದ್ದೆ. ಎಮ್ಮೆಗಳಿಗೆ ದಾರಿ ಬಿಟ್ಟುಕೊಡುವುದನ್ನೂ ಕಲಿತೆ. ಮೂವತ್ತೇಳು ಸಲ ಬರೆದದ್ದರಿಂದ ಯಾರ ದಿನ ಯಾವುದೆಂದು ನನಗೆ ಬಾಯಿಪಾಠವಾಗಿತ್ತು. ಇವತ್ತು ಮೋನಿಕಾ, ಈಗ ಗಂಟೆ ಹನ್ನೆರಡೂವರೆ, ಈಗ ಎದ್ದು ನಿಂತಿರುತ್ತಾರೆ, ಈಗ ಆ ಪದ. ಆ ದಿನಗಳಲ್ಲಿ ನನಗೆ ಮಧ್ಯಾಹ್ನ ಅನ್ನ ಇಳಿಯುತ್ತಿರಲಿಲ್ಲ. "ಯಾಕೆ, ಇವತ್ತೂ ಉಪವಾಸವೋ? ದೇವರನ್ನ ನಂಬದೋರ ವ್ರತ ಬಲು ಕಟ್ಟುನಿಟ್ಟು" ಎಂದು ಅಜ್ಜಿ ಹಂಗಿಸುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಪಕ್ಕದ ಮನೆಯ ಹುಡುಗಿ ಕಾಂಪೌಂಡಿನ ಮೇಲಿಂದ ಇಣುಕಿ, "ಅಕ್ಕಾ, ನಾಳೆ ಸ್ಕೂಲ್ ರಜಾ! ಬೆನೆಡಿಕ್ಟಾ ಸಿಸ್ಟರ್ ಹೋಗ್ಬಿಟ್ರಂತೆ" ಎಂದಳು. ರಜೆಯ ಸಂತೋಷಕ್ಕೂ ಸಾವಿನ ದುಃಖಕ್ಕೂ ಮುಖ ಹೇಗಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ನಾನು ಒಳಗೆ ಹೋಗಿ ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

"ಅಯ್ಯೋ ನಿನ್ನ! ನಾನೆಲ್ಲೇ 'ನಿತ್ಯ' ಅಂದೆ?" ಅಜ್ಜಿ ಬತ್ತಿಯ ಕಪ್ಪನ್ನೇ ಕೆಳಗಿಟ್ಟರು. "ಮುತ್ತೈದೆ ಅಂದೆ. ಬರೀ ಮುತ್ತೈದೆ! ಆ ಬಾಲ ಯಾವಳು ಕಟ್ಟಿದ್ದು?"

"ನಾನೇ."

"ಹೋಗಿ ಬಿಚ್ಚಿ ಬಾ. ಅವರ ಸಾಲನ್ನೂ ಅದೇ ಪುಸ್ತಕದಲ್ಲಿ ಬರೀತಾರೋ ಇಲ್ವೋ? ಆ ಪುಣ್ಯಾತ್ಗಿತ್ತಿಗೂ ಅದೇ ಪದ ಅಂಟ್ಕೋಬೇಕೇನು?"

ಅದು ನನಗೆ ಹೊಳೆದಿರಲಿಲ್ಲ. ಮೂವತ್ತೆಂಟನೆಯ ಸಾಲು.

ಒಂದು ವಾರ ಬಿಟ್ಟು ಹೋದೆ. ನಾನು ಮಾಡಬೇಕಾದ ತಪ್ಪೊಪ್ಪಿಗೆಯನ್ನು ಮೂರು ಭಾಗ ಮಾಡಿ, ಪೀಠಿಕೆಯೊಂದಿಗೆ, ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಾಗಿಲು ತೆರೆದವರು ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ ಸಿಸ್ಟರ್ ರೋಸಿ. ಕನಕಪುರದ ಕಡೆಯ ಆ ಹುಡುಗಿಯರಲ್ಲಿ ಒಬ್ಬರು.

"ಓ, ಲಾಯರಮ್ಮ ಅಲ್ವರಾ! ಬನ್ನಿ ಬನ್ನಿ. ಈಗ ಊಟದ ಗಂಟೆ ಆಯ್ತದೆ. ಇಲ್ಲೇ ಜಗಲೀಲಿ ಕುಂತಿರಿ, ಓದಿ ಮುಗಿಸ್ಕಂಡು ಬತ್ತೀನಿ. ಇವತ್ತು ಅಗಾಥಾ ಸಿಸ್ಟರ್ ದಿನ."

ಅವರ ದಿನವೆಂದು ನನಗೂ ಗೊತ್ತಿತ್ತು. ಪೀಠಿಕೆ ಹೇಳಲೂ ಬಿಡದೆ ಅವರು ಒಳಗೆ ಹೋದರು. ಊಟದ ಕೋಣೆಯ ಕಿಟಕಿ ನನ್ನ ತಲೆಯ ಮೇಲೇ ಇತ್ತು. ತಟ್ಟೆಗಳ ಸದ್ದು, ಸಾರಿನ ವಾಸನೆ, ಕುರ್ಚಿ ಸರಿದ ಸದ್ದು. ನಂತರ ರೋಸಿಯವರ ಸ್ಪಷ್ಟ ದನಿ, ನನ್ನದೇ ವಾಕ್ಯಗಳಲ್ಲಿ:

"ಸಿಸ್ಟರ್ ಅಗಾಥಾ. ಐರ್ಲೆಂಡ್ ದೇಶದಲ್ಲಿ ಹುಟ್ಟಿ, ಹಡಗಿನಲ್ಲಿ ಈ ನಾಡಿಗೆ ಬಂದು, ವಿನಯದಿಂದಲೂ ವಿಧೇಯತೆಯಿಂದಲೂ ಸೇವೆ ಮಾಡಿ, ಈ ದಿನ..."

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ.

ದನಿ ನಿಂತುಹೋಯಿತು. ತಟ್ಟೆ, ಚಮಚ, ಎಲ್ಲವೂ ನಿಂತವು. ಒಂದು ಕಾಗೆ ಮಾತ್ರ ಸೀಬೆ ಮರದಲ್ಲಿ ಕೂಗುತ್ತಿತ್ತು. ಓದಲು ನಾಚಿಕೆಪಡುತ್ತಿದ್ದಾರೆ, ಎಲ್ಲರಿಗೂ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಎದ್ದು ಓಡಬೇಕೆನಿಸಿತು. ಆ ಮೌನ ಮೂರು ಉಸಿರಿನಷ್ಟು ಉದ್ದವಿತ್ತು.

"...ಸುಮಂಗಲಿಯಾಗಿ ತೀರಿಕೊಂಡರು."

ತಟ್ಟೆಗಳ ಸದ್ದು ಮತ್ತೆ ಶುರುವಾಯಿತು.

ಊಟ ಮುಗಿಸಿ ಬಂದ ಸಿಸ್ಟರ್ ರೋಸಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ನಾನು ಕೇಳುವ ಮೊದಲೇ ತೆರೆದು ತೋರಿಸಿದರು. ನನ್ನ ದುಂಡಗಿನ ಅಕ್ಷರಗಳು. 'ಈ ದಿನ' ಆದ ಮೇಲೆ ಎರಡು ಅಕ್ಷರದಷ್ಟು ಖಾಲಿ ಜಾಗ. ಅಲ್ಲಿ ಕಾಗದ ಎಷ್ಟು ತೆಳ್ಳಗಾಗಿತ್ತೆಂದರೆ, ಹಾಳೆ ಎತ್ತಿದಾಗ ಬಿಸಿಲು ಆಚೆಯಿಂದ ಕಾಣುತ್ತಿತ್ತು. ಪ್ರತಿ ಹೆಸರಿಗೂ ಹಾಗೆಯೇ, ಮೂವತ್ತೇಳು ಕಿಟಕಿ.

"ಇಲ್ಲಿ... ಇಲ್ಲಿ ಏನಾಯ್ತು ಸಿಸ್ಟರ್?"

"ಅದಾ? ನೀವು ಸ್ಕೂಲು ಬಿಟ್ಟೋದ್ರಲ್ಲ, ಆ ವರ್ಸಾನೇ. ಕನ್ನಡ ಟೀಚರ್ರು ಪುಸ್ತಕ ನೋಡಿ ಬೆನೆಡಿಕ್ಟಾ ಸಿಸ್ಟರ್ ಕಿವೀಲಿ ಏನೋ ಅಂದ್ರು. ಸಿಸ್ಟರ್ ನಗಕ್ಕೆ ಸುರು ಮಾಡಿದ್ರು ನೋಡಿ, ಕಣ್ಣಲ್ಲಿ ನೀರು ಬರೋಗಂಟ. ಆಮೇಲೆ ಬ್ಲೇಡಿನ ಡಬ್ಬಿ ಇಟ್ಕಂಡು ಒಂದು ವಾರ ಕುಂತ್ಕಂಡು ಕೆರೆದ್ರು. 'ಲಾಯರಮ್ಮ ಒಂದು ಕೇಸು ಸೋತಿದ್ದಾಳೆ, ಅವಳಿಗೇ ಗೊತ್ತಿಲ್ಲ' ಅಂತಿದ್ರು."

"ನನಗೆ ಯಾಕೆ ಹೇಳಿ ಕಳಿಸ್ಲಿಲ್ಲ?"

"ನಾನೂ ಕೇಳ್ದೆ. 'ಬೇಡ, ಹೇಳಿದ್ರೆ ಬಂದು ವಾದ ಮಾಡ್ತಾಳೆ' ಅಂದ್ರು."

ಹಾಗಾದರೆ ಮೇಷ್ಟರು ನನ್ನನ್ನು ಪಕ್ಕಕ್ಕೆ ಕರೆಯುವುದಕ್ಕೂ ಎಷ್ಟೋ ಮೊದಲೇ ಆ ಪದ ಅಲ್ಲಿರಲಿಲ್ಲ! ಎರಡು ವರ್ಷ ನಾನು ಅನ್ನ ಬಿಟ್ಟದ್ದು, ದಾರಿ ಬಿಟ್ಟದ್ದು, ಎಮ್ಮೆಗಳಿಗೆ ಶರಣಾದದ್ದು, ಎಲ್ಲವೂ ಇಲ್ಲದ ಎರಡಕ್ಷರಕ್ಕೆ. ನನಗೆ ನಗು ಬಂತು. ನಗುತ್ತ ನಗುತ್ತ ಮತ್ತೆ ಬೆಂಚಿನ ಮೇಲೆ ಕುಳಿತೆ. ಬೆನ್ನಿನ ಮೇಲಿಂದ ಅಕ್ಕಿ ಮೂಟೆ ಇಳಿಸಿದವರು ಮೊದಲ ಉಸಿರನ್ನು ಹೇಗೆ ಎಳೆದುಕೊಳ್ಳುತ್ತಾರೆಂದು ಅವತ್ತು ಗೊತ್ತಾಯಿತು. ಬಾಲ ಕತ್ತರಿಸಿ ಹೋಗಿತ್ತು. ಉಳಿದದ್ದು ಅಜ್ಜಿಯ ಮಾತು. ನನ್ನ ಜಾಣತನ ಇದ್ದಷ್ಟು ಜಾಗದಲ್ಲಿ ಬಿಸಿಲು.

"ಮತ್ತೆ ಓದೋವಾಗ ಅಲ್ಲಿ ನಿಲ್ಲಿಸಿದ್ರಲ್ಲ, ಯಾಕೆ?"

"ನಿಲ್ಲಿಸ್ಬೇಕಲ್ವರಾ?" ರೋಸಿ ಆಶ್ಚರ್ಯದಿಂದ ನೋಡಿದರು. "ಅದು ಮೌನದ ಜಾಗ. ಓದೋ ಕೆಲಸ ಮೊದಲು ನಂಗೆ ಬಂದಾಗ, 'ಇಲ್ಲಿ ಖಾಲಿ ಅದೆಯಲ್ಲ ಸಿಸ್ಟರ್, ಏನು ಮಾಡಾದು?' ಅಂತ ಕೇಳ್ದೆ. ಅವರು ನಗಾಡ್ಕಂಡು, 'ಅಲ್ಲಿ ಸುಮ್ಮನಿರು ಮಾರಾಯ್ತಿ' ಅಂದ್ರು. ಅವತ್ತಿಂದ ನಾವೆಲ್ಲ ಅಲ್ಲಿ ಸುಮ್ಮನಿರ್ತೀವಿ. ಆ ತೀರ್ಕಂಡೋರನ್ನ ಒಂದು ಗಳಿಗೆ ನೆನೀತೀವಿ. ಆಮೇಲಾಮೇಲೆ ಬೆನೆಡಿಕ್ಟಾ ಸಿಸ್ಟರೂ ಚಮಚ ಕೆಳಗಿಟ್ಟು ಕಣ್ಮುಚ್ಚೋರು."

ಆ 'ಸುಮ್ಮನಿರು' ಮೌನಾಚರಣೆಯ ಅಪ್ಪಣೆಯಲ್ಲ, ಬಾಯಿ ಮುಚ್ಚು ಎನ್ನುವ ಅವರ ಮಾಮೂಲು ಮಾತು ಎಂದು ವಿವರಿಸಲು ನನಗಿಂತ ಅರ್ಹರು ಈ ಭೂಮಿಯ ಮೇಲೆ ಇರಲಿಲ್ಲ. ನನ್ನ ಬಳಿ ಸಾಕ್ಷಿ ಇತ್ತು, ದೃಷ್ಟಾಂತ ಇತ್ತು, ಮೂರು ಭಾಗದ ಭಾಷಣವೂ ಸಿದ್ಧವಿತ್ತು. ಬಾಯಿ ತೆರೆದೆ. ಆ ಜಾಗದಲ್ಲಿ ಕಾಗೆಗಳಿಗೆ ಬೈಯುವ ಕ್ಲೆಮೆಂಟೀನಾ ಇದ್ದರು, "ಹೋಗಿ ಬನ್ನಿ" ಎನ್ನುವ ಅಗಾಥಾ ಇದ್ದರು. ಬರೆಯಲಿಕ್ಕೆ ಅಲ್ಲ ಎಂದು ಸಿಸ್ಟರ್ ಬೆನೆಡಿಕ್ಟಾ ಹೇಳಿದ್ದೆಲ್ಲಕ್ಕೂ ಪುಸ್ತಕದಲ್ಲಿ ಅದೊಂದೇ ಜಾಗ. ಬಾಯಿ ಮುಚ್ಚಿದೆ.

"ಬೆನೆಡಿಕ್ಟಾ ಸಿಸ್ಟರ್ ಸಾಲು ಇನ್ನೂ ಬರೆದಿಲ್ಲ" ಎಂದರು ರೋಸಿ, ಪುಸ್ತಕದ ಕೊನೆಯ ಹಾಳೆ ತಿರುಗಿಸಿ. "ನಿಮ್ಮ ಅಕ್ಸರ ಚಂದ. ನೀವೇ ಬರೆದ್ಕೊಡಿ."

ಜಗಲಿಯಲ್ಲೇ ಕುಳಿತು ಬರೆದೆ. ಮಂಗಳೂರಿನಲ್ಲಿ ಹುಟ್ಟಿ ಎಂದು ಶುರು ಮಾಡಿ, ಹುಡುಗಿಯರ ಬ್ಲೇಡುಗಳನ್ನು ಕಸಿದಿಟ್ಟುಕೊಂಡು ಒಂದನ್ನು ಒಳ್ಳೆಯ ಕೆಲಸಕ್ಕೆ ಬಳಸಿ ಎಂದು ಮುಂದುವರಿಸಿದೆ.

"ವಿನಯ, ವಿಧೇಯತೆ ಏನೂ ಬ್ಯಾಡ್ವರಾ?" ಎಂದರು ರೋಸಿ, ಭುಜದ ಮೇಲಿಂದ ಓದುತ್ತ. "ಬ್ಲೇಡಿನ ವಿಸ್ಯ ಯಾಕೆ?"

"ಇದಕ್ಕೆ ಸಾಕ್ಷಿ ಇದೆ ಸಿಸ್ಟರ್."

'ಈ ದಿನ' ಎಂದು ಬರೆದು ಪೆನ್ನು ಎತ್ತಿದೆ. ಎರಡು ಅಕ್ಷರದಷ್ಟು ಜಾಗ ಬಿಟ್ಟೆ. ಮೂರು ಉಸಿರಿನಷ್ಟು ಹೊತ್ತು ಅಲ್ಲಿ ಸುಮ್ಮನಿದ್ದು, ಆಮೇಲೆ ಮಿಕ್ಕದ್ದನ್ನು ಬರೆದೆ.